ಮಾತು ಕಲಿಸುವ ಓದಿಗೆ ತಗಲುವ ಖರ್ಚು

ವಾಕ್-ಶ್ರವಣ ಪದವಿಯಾದ ಬಿಎಎಸ್‌ಎಲ್‌ಪಿಯ ಕೊನೆಯ ವರ್ಷದ ಇಂಟರ್ನ್‌ಶಿಪ್ ಮುಗಿಯುತ್ತ ಬಂದಾಗ ವಿದ್ಯಾರ್ಥಿಗಳ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಎಂಎಸ್‌ಸಿ ಮಾಡಲೇಬೇಕೇ? ಮಾಡುವುದಾದರೆ ಎಲ್ಲಿ? ಅಷ್ಟು ಹಣ ಎಲ್ಲಿಂದ ತರುವುದು? ಎಂಜಿನಿಯರಿಂಗ್, ಮೆಡಿಕಲ್ ಬಗ್ಗೆ ಸಲಹೆ ಕೊಡುವವರು ಊರಿಗೆ ಹತ್ತು ಜನ ಸಿಗುತ್ತಾರೆ. ವಾಕ್ ಚಿಕಿತ್ಸೆಯ ಓದಿನ ಬಗ್ಗೆ ತಿಳಿದು ಹೇಳುವವರು ಜಿಲ್ಲೆಗೆ ಒಬ್ಬಿಬ್ಬರು ಸಿಕ್ಕರೆ ಪುಣ್ಯ. ಹಾಗಾಗಿ ಎಷ್ಟೋ ಮಕ್ಕಳು ಮೊದಲು ಫೋನ್ ಮಾಡಿದ ಕಾಲೇಜಿಗೆ, ಮೊದಲು ಕೇಳಿದ ಶುಲ್ಕ ಕಟ್ಟಿ ಸೇರಿಬಿಡುತ್ತಾರೆ.

ಉಗ್ಗುವವರ ಮಾತು ತಿದ್ದುವವರೇ ಸ್ಪೀಚ್ ಥೆರಪಿಸ್ಟ್ ಎಂದು ಬಹಳ ಜನ ತಿಳಿದಿದ್ದಾರೆ. ಅವರ ಕೆಲಸದ ಹರವು ಅದಕ್ಕಿಂತ ಬಹಳ ದೊಡ್ಡದು. ಮೂರು ವರ್ಷವಾದರೂ ಮಾತು ಬಾರದ ಮಗು, ಆಟಿಸಂ ಇರುವ ಮಗು, ಸೀಳುತುಟಿ ಸೀಳಂಗುಳದ ಶಸ್ತ್ರಚಿಕಿತ್ಸೆ ಆದ ಮಗು, ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡು ಶಬ್ದವನ್ನು ಹೊಸದಾಗಿ ಕಲಿಯಬೇಕಾದ ಮಗು ಇವರ ಬಳಿಗೆ ಬರುತ್ತಾರೆ. ಲಕ್ವ ಹೊಡೆದು ಮಾತು ಕಳೆದುಕೊಂಡ ಹಿರಿಯರು, ಗಂಟಲ ಕ್ಯಾನ್ಸರ್‌ನಿಂದ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ನೀರು ನುಂಗಿದರೂ ಉಸಿರಿಗೆ ಸಿಕ್ಕಿಕೊಳ್ಳುವ ರೋಗಿಗಳು, ದಿನವಿಡೀ ಪಾಠ ಮಾಡಿ ಗಂಟಲು ಕೂತ ಮೇಷ್ಟ್ರುಗಳೂ ಬರುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದು. ಕಾಯ್ದೆ ಹಕ್ಕು ಕೊಟ್ಟಿದೆ. ಆ ಹಕ್ಕು ತಾಲ್ಲೂಕಿನವರೆಗೆ ಮುಟ್ಟಬೇಕಾದರೆ ಅಲ್ಲಿ ಒಬ್ಬ ಥೆರಪಿಸ್ಟ್ ಇರಬೇಕು.

ಆದ್ದರಿಂದ ಈ ಓದಿನ ಖರ್ಚನ್ನು ಒಂದು ಮನೆಯ ಲೆಕ್ಕ ಎಂದಷ್ಟೇ ನೋಡಲು ನನಗೆ ಮನಸ್ಸಾಗುವುದಿಲ್ಲ. ದೊಡ್ಡ ಸಾಲ ಮಾಡಿ ಓದಿದ ಹುಡುಗಿ ಜಿಲ್ಲಾ ಆಸ್ಪತ್ರೆಯ ಗುತ್ತಿಗೆ ಕೆಲಸಕ್ಕೆ ಸೇರಿದರೆ ಬ್ಯಾಂಕಿನ ಕಂತು ಕಟ್ಟಲಾರಳು. ಬೆಂಗಳೂರಿನ ಖಾಸಗಿ ಕ್ಲಿನಿಕ್ಕಿಗೋ ವಿದೇಶಕ್ಕೋ ಹೋಗುತ್ತಾಳೆ. ಅದು ಅವಳ ತಪ್ಪಲ್ಲ. ಯಾದಗಿರಿಯ ತಾಯಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಥೆರಪಿಗಾಗಿ ರಾತ್ರಿ ಬಸ್ಸು ಹತ್ತಬೇಕಾಗಿ ಬರುವುದಕ್ಕೂ, ಎಂಎಸ್‌ಸಿ ಸೀಟಿನ ಬೆಲೆಗೂ ಹೀಗೆ ನೇರ ಸಂಬಂಧವಿದೆ.

ಖರ್ಚಿನ ಮಾತಿಗೆ ಮೊದಲು ಕಾನೂನಿನ ಮಾತು. ಭಾರತದಲ್ಲಿ ಈ ವೃತ್ತಿಯ ಓದನ್ನೂ ಪರವಾನಗಿಯನ್ನೂ ನೋಡಿಕೊಳ್ಳುವುದು ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಎಲ್ಲರೂ ಕರೆಯುವ ಆರ್‌ಸಿಐ. ಇದು 1992ರ ಕಾಯ್ದೆಯಿಂದ ಅಧಿಕಾರ ಪಡೆದ ಸಂಸ್ಥೆ. ಇದರ ಕೇಂದ್ರೀಯ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ದೇಶದಲ್ಲಿ ಎಲ್ಲಿಯೂ ಈ ವೃತ್ತಿ ಮಾಡುವಂತಿಲ್ಲ. ಮಾಡಿದರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ವಿಧಿಸಲು ಕಾಯ್ದೆಯ 13ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆರ್‌ಸಿಐ ಮಾನ್ಯತೆ ಇಲ್ಲದ ಕೋರ್ಸು ಎಷ್ಟೇ ಅಗ್ಗವಾಗಿರಲಿ, ಅದಕ್ಕೆ ಹಾಕಿದ ದುಡ್ಡು ನೀರಿನಲ್ಲಿ ಹೋಮ ಮಾಡಿದಂತೆಯೇ. ಆರು ತಿಂಗಳ ಸ್ಪೀಚ್ ಥೆರಪಿ ಸರ್ಟಿಫಿಕೇಟು, ದೂರಶಿಕ್ಷಣದ ಸ್ನಾತಕೋತ್ತರ ಪದವಿ ಎಂದು ಬರುವ ಜಾಹೀರಾತುಗಳನ್ನು ನಂಬಿ ಯಾರೂ ಮುಂಗಡ ಕಟ್ಟಬಾರದು. ಅವುಗಳಿಂದ ಸ್ಪೀಚ್ ಥೆರಪಿಸ್ಟ್ ಆಗಿ ನೋಂದಣಿ ಸಿಗುವುದಿಲ್ಲ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. ಆರ್‌ಸಿಐ ಮಾನ್ಯತೆ ಒಮ್ಮೆ ಸಿಕ್ಕರೆ ಶಾಶ್ವತವಲ್ಲ. ಸಂಸ್ಥೆಗೆ, ಕೋರ್ಸಿಗೆ, ಇಷ್ಟು ಸೀಟಿಗೆ, ಇಂಥ ಶೈಕ್ಷಣಿಕ ವರ್ಷದಿಂದ ಇಂಥ ವರ್ಷದವರೆಗೆ ಎಂದು ಮಂಡಳಿ ಅನುಮತಿ ಕೊಡುತ್ತದೆ, ಅವಧಿ ಮುಗಿದಾಗ ಮತ್ತೆ ಪರಿಶೀಲಿಸುತ್ತದೆ. ಕಾಲೇಜಿನ ಗೋಡೆಯ ಮೇಲೆ ‘ಆರ್‌ಸಿಐ ಮಾನ್ಯತೆ ಪಡೆದಿದೆ’ ಎಂಬ ಫಲಕವಿದ್ದ ಮಾತ್ರಕ್ಕೆ ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಅದು ಅನ್ವಯಿಸುತ್ತದೆ ಎಂದೇನೂ ಇಲ್ಲ. ಮಂಡಳಿಯ ಪಟ್ಟಿ ತೆರೆದು ಮೂರು ಕಡೆ ಕಣ್ಣಾಡಿಸಬೇಕು: ಕೋರ್ಸಿನ ಹೆಸರು, ಸೀಟುಗಳ ಸಂಖ್ಯೆ, ಅವಧಿ. ಐದು ನಿಮಿಷದ ಕೆಲಸ, ಎರಡು ವರ್ಷ ಉಳಿಸುತ್ತದೆ.

ಓದಿನ ಕ್ರಮ ಹೀಗಿದೆ. ಪಿಯುಸಿ ವಿಜ್ಞಾನದ ನಂತರ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಬಿಎಎಸ್‌ಎಲ್‌ಪಿ. ಅದರಲ್ಲಿ ಶ್ರವಣ, ವಾಕ್ ಎರಡೂ ವಿಷಯಗಳಿರುತ್ತವೆ. ಆಮೇಲೆ ಎರಡು ವರ್ಷದ ಸ್ನಾತಕೋತ್ತರ ಪದವಿ. ಕೆಲವು ಕಡೆ ಸ್ಪೀಚ್-ಲ್ಯಾಂಗ್ವೇಜ್ ಪೆಥಾಲಜಿ, ಆಡಿಯಾಲಜಿ ಎಂದು ಎರಡು ಪ್ರತ್ಯೇಕ ಎಂಎಸ್‌ಸಿಗಳಿವೆ. ಕೆಲವು ಕಡೆ ಎರಡನ್ನೂ ಸೇರಿಸಿದ ಎಂಎಎಸ್‌ಎಲ್‌ಪಿ ಇದೆ. ಮನಃಶಾಸ್ತ್ರದಲ್ಲೋ ಭಾಷಾವಿಜ್ಞಾನದಲ್ಲೋ ಪದವಿ ಪಡೆದವರು ನಮ್ಮಲ್ಲಿ ನೇರವಾಗಿ ಈ ಎಂಎಸ್‌ಸಿಗೆ ಬರುವಂತಿಲ್ಲ, ಬಿಎಎಸ್‌ಎಲ್‌ಪಿಯಿಂದಲೇ ಶುರು ಮಾಡಬೇಕು. ಅಮೆರಿಕದಲ್ಲಿ ಬೇರೆ ವಿಷಯದ ಪದವೀಧರರೂ ಕೆಲವು ಪೂರ್ವಭಾವಿ ವಿಷಯಗಳನ್ನು ಓದಿಕೊಂಡು ಸ್ನಾತಕೋತ್ತರಕ್ಕೆ ಬರಬಹುದು. ಆದರೆ ಅಲ್ಲಿ ಸ್ನಾತಕೋತ್ತರ ಪದವಿ ಇಲ್ಲದೆ ಸ್ಪೀಚ್ ಥೆರಪಿಸ್ಟ್ ಆಗಲು ಆಗುವುದಿಲ್ಲ. ಇಲ್ಲಿ ಬಿಎಎಸ್‌ಎಲ್‌ಪಿ ಮುಗಿಸಿ ಆರ್‌ಸಿಐ ನೋಂದಣಿ ಮಾಡಿಸಿದರೆ ಮರುದಿನದಿಂದಲೇ ದುಡಿಯಬಹುದು. ಎರಡು ವರ್ಷ ಕೆಲಸ ಮಾಡಿ, ಒಂದಿಷ್ಟು ಹಣ ಕೂಡಿಟ್ಟುಕೊಂಡು, ಯಾವ ಬಗೆಯ ರೋಗಿಗಳ ನಡುವೆ ಬದುಕಲು ತನಗೆ ಇಷ್ಟ ಎಂಬುದನ್ನೂ ಅರಿತು ಎಂಎಸ್‌ಸಿಗೆ ಬಂದವರ ಓದು ಗಟ್ಟಿಯಾಗಿರುತ್ತದೆ. ‘ಗ್ಯಾಪ್ ಆಗಿಬಿಡುತ್ತದೆ’ ಎಂದು ತಂದೆತಾಯಿ ಹೆದರುವುದಕ್ಕೆ ಈ ವೃತ್ತಿಯಲ್ಲಿ ಕಾರಣವಿಲ್ಲ.

ಅಗ್ಗದ ಓದು ಎಂದಾಗ ಕನ್ನಡಿಗರು ಮೊದಲು ನೋಡಬೇಕಾದದ್ದು ಮೈಸೂರಿನ ಕಡೆಗೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರ ಬಾಯಲ್ಲಿ ‘ಆಯಿಷ್’, ಹುಟ್ಟಿದ್ದು 1965ರಲ್ಲಿ. ಮೈಸೂರಿನ ಮಹಾರಾಜರು ಕೊಟ್ಟ ಜಾಗದಲ್ಲಿ 1966ರ ಜುಲೈನಲ್ಲಿ ರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್ ಅಡಿಗಲ್ಲು ಹಾಕಿದರು. ಕೇಂದ್ರ ಆರೋಗ್ಯ ಸಚಿವಾಲಯದ ಹಣದಿಂದ ನಡೆಯುವ ಸ್ವಾಯತ್ತ ಸಂಸ್ಥೆ ಇದು. ಪದವಿ ಕೊಡುವುದು ಮೈಸೂರು ವಿಶ್ವವಿದ್ಯಾಲಯ. ಬಿಎಎಸ್‌ಎಲ್‌ಪಿಯಿಂದ ಪಿಎಚ್‌ಡಿವರೆಗೆ ಎಲ್ಲವೂ ಒಂದೇ ಆವರಣದಲ್ಲಿದೆ. ಖಾಸಗಿ ಕಾಲೇಜುಗಳಲ್ಲಿ ವರ್ಷದ ಶುಲ್ಕ ಲಕ್ಷದ ಲೆಕ್ಕದಲ್ಲಿದ್ದರೆ ಇಲ್ಲಿ ಸಾವಿರದ ಲೆಕ್ಕ. ಮೇಲಾಗಿ ಎಂಎಸ್‌ಸಿ ವಿದ್ಯಾರ್ಥಿಗಳಿಗೆ ತಿಂಗಳ ಸ್ಟೈಪೆಂಡ್ ಕೊಡುವ ಪದ್ಧತಿಯೂ ಇದೆ. ಹಾಸ್ಟೆಲ್ ಇದೆ, ಮೈಸೂರು ಇನ್ನೂ ಬೆಂಗಳೂರಿನಷ್ಟು ದುಬಾರಿಯಾಗಿಲ್ಲ. ಬಡವರ ಮನೆಯ ಮಗಳು ಸಾಲವಿಲ್ಲದೆ ಸ್ನಾತಕೋತ್ತರ ಪದವಿ ಮುಗಿಸಬಹುದಾದ ಜಾಗ ಇದು. ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆ ಇರುವುದರಿಂದ ಸೀಟು ಸಿಗುವುದು ಸುಲಭವಲ್ಲ. ಪರೀಕ್ಷೆಯಲ್ಲಿ ಕೇಳುವುದು ಬಿಎಎಸ್‌ಎಲ್‌ಪಿಯಲ್ಲಿ ಓದಿದ್ದನ್ನೇ. ಮೂರು ವರ್ಷ ತರಗತಿಯಲ್ಲಿ ಕೂತು ಓದಿದವರಿಗೆ ದುಬಾರಿ ಕೋಚಿಂಗ್ ಬೇಕಿಲ್ಲ.

ಈ ಸಂಸ್ಥೆಯಲ್ಲಿ ಸಿಗುವ ದೊಡ್ಡ ಲಾಭ ಶುಲ್ಕದ ಉಳಿತಾಯವಲ್ಲ, ರೋಗಿಗಳು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಥೆರಪಿ ಕೋಣೆ ಚಿಕ್ಕದು. ಒಂದು ಮೇಜು, ಎರಡು ಕುರ್ಚಿ, ಗೋಡೆಯಲ್ಲಿ ಏಕಮುಖ ಗಾಜು. ಗಾಜಿನ ಆಚೆ ಮೇಲ್ವಿಚಾರಕರು, ಕಿರಿಯ ವಿದ್ಯಾರ್ಥಿಗಳು, ಕೆಲವೊಮ್ಮೆ ಮಗುವಿನ ಅಮ್ಮ. ಒಳಗೆ ಅಂಗುಳದ ಶಸ್ತ್ರಚಿಕಿತ್ಸೆ ಆದ ಹುಡುಗ. ವಿದ್ಯಾರ್ಥಿನಿ ಅವನ ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದು ‘ಕಾಗೆ ಕಾಲು ಕಪ್ಪು’ ಎಂದು ಹೇಳಿಸುತ್ತಾಳೆ. ಆ ವಾಕ್ಯದಲ್ಲಿ ಅನುನಾಸಿಕ ಒಂದೂ ಇಲ್ಲ. ಗಾಳಿಯೆಲ್ಲ ಬಾಯಿಯಿಂದಲೇ ಬರಬೇಕು. ಕನ್ನಡಿ ಮಂಜಾದರೆ ಗಾಳಿ ಮೂಗಿನಿಂದ ಸೋರುತ್ತಿದೆ ಎಂದರ್ಥ. ಮಂಜಾಗುತ್ತದೆ. ಅವಳು ಕನ್ನಡಿ ಒರೆಸಿ, ಹುಡುಗನ ಮೂಗನ್ನು ಹಗುರವಾಗಿ ಒತ್ತಿ ಹಿಡಿದು ಮತ್ತೆ ಹೇಳಿಸಿ, ವ್ಯತ್ಯಾಸ ಅವನಿಗೇ ಕೇಳಿಸುವಂತೆ ಮಾಡುತ್ತಾಳೆ. ನಲವತ್ತೈದು ನಿಮಿಷ ಮುಗಿದ ಮೇಲೆ ಹೊರಗೆ ಬಂದು ಲೆಸನ್ ಪ್ಲ್ಯಾನಿನಲ್ಲಿ ಎಷ್ಟು ಸಲ ಸರಿ, ಎಷ್ಟು ಸಲ ತಪ್ಪು ಎಂದು ಬರೆದು, ಲಾಗ್‌ಬುಕ್ಕಿಗೆ ಮೇಲ್ವಿಚಾರಕರ ಸಹಿ ಹಾಕಿಸಿಕೊಳ್ಳುತ್ತಾಳೆ.

ಆ ಲಾಗ್‌ಬುಕ್ಕಿನ ಗಂಟೆಗಳೇ ಈ ಪದವಿಯ ತಿರುಳು. ಬರುವ ರೋಗಿಗಳ ಸಂಖ್ಯೆ ಕಡಿಮೆ ಇರುವ ಕಾಲೇಜಿನಲ್ಲಿ ಒಂದೇ ಮಗುವನ್ನು ಮೂವರು ವಿದ್ಯಾರ್ಥಿಗಳು ಸರದಿಯಲ್ಲಿ ನೋಡುತ್ತಾರೆ. ಲಕ್ವದಿಂದ ಮಾತು ಹೋದವರನ್ನು, ನುಂಗುವ ತೊಂದರೆಯವರನ್ನು ಪುಸ್ತಕದಲ್ಲಷ್ಟೇ ಕಂಡು ಪದವಿ ಪಡೆಯುವವರೂ ಇದ್ದಾರೆ. ಅಂಥ ಪದವಿ ಅರ್ಧ ಬೆಲೆಗೆ ಸಿಕ್ಕರೂ ದುಬಾರಿಯೇ. ಸೇರುವ ಮೊದಲು ಕಾಲೇಜಿಗೆ ಒಂದು ದಿನ ಹೋಗಿ ಬರಬೇಕು, ಕಾರ್ಯಾಲಯಕ್ಕೆ ಹೋಗುವ ಮುಂಚೆ ಹೊರರೋಗಿ ವಿಭಾಗದ ಬೆಂಚುಗಳನ್ನು ನೋಡಬೇಕು. ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿ ಜನ ತುಂಬಿದ್ದರೆ ಆ ಕಾಲೇಜಿನಲ್ಲಿ ಕಲಿಯಲು ಏನಾದರೂ ಸಿಗುತ್ತದೆ. ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಮಾತನಾಡಿಸಿ ‘ವಯಸ್ಕ ರೋಗಿಗಳು ಎಷ್ಟು ಸಿಗುತ್ತಾರೆ?’ ಎಂದು ಕೇಳಬೇಕು. ಪ್ರಾಸ್ಪೆಕ್ಟಸ್‌ನಲ್ಲಿ ಈ ಉತ್ತರ ಇರುವುದಿಲ್ಲ.

ಸರ್ಕಾರದ ಹಣದಲ್ಲಿ ನಡೆದ ಓದು ಕನ್ನಡಕ್ಕೆ ಏನು ಕೊಟ್ಟಿತು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಮಗುವಿನ ಉಚ್ಚಾರಣೆ ಸರಿಯಿದೆಯೇ ಎಂದು ಅಳೆಯಲು ಇಂಗ್ಲಿಷಿನ ಪರೀಕ್ಷೆ ನಮಗೆ ಉಪಯೋಗಕ್ಕೆ ಬಾರದು. ನಮ್ಮ ಮಹಾಪ್ರಾಣ, ನಮ್ಮ ‘ಳ’ ‘ಣ’ ಅದರಲ್ಲಿ ಇಲ್ಲ. ಬಾಬು, ರತ್ನ, ಬೆಟಗೇರಿ ಅವರು 1972ರಲ್ಲೇ ಕನ್ನಡ ಉಚ್ಚಾರಣಾ ಪರೀಕ್ಷೆಯೊಂದನ್ನು ಸಿದ್ಧಪಡಿಸಿದರು. 1980ರಲ್ಲಿ ಪ್ರತಿಭಾ ಕಾರಂತರು ಕನ್ನಡದ ಭಾಷಾ ಸಾಮರ್ಥ್ಯ ಅಳೆಯುವ ಪರೀಕ್ಷೆ ರೂಪಿಸಿದರು. ಆಟಿಸಂ ಇರುವ ಪುಟ್ಟ ಮಕ್ಕಳಿಗಾಗಿ ಬೆಂಗಳೂರಿನಲ್ಲಿ ಕಾಮ್‌ ಡೀಲ್ ಟ್ರಸ್ಟ್ ಕಟ್ಟಿದವರೂ ಅವರೇ. ಲಕ್ವ ಮುಂತಾದವುಗಳಿಂದ ಮಾತು ಹೋಗುವ ಅಫೇಸಿಯಾವನ್ನು ಅಳೆಯುವ ಪ್ರಸಿದ್ಧ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪವೂ ಬಂದಿದೆ. ಎಂಎಸ್‌ಸಿ ವಿದ್ಯಾರ್ಥಿಗಳು ಪದವಿಗಾಗಿ ಬರೆದ ಪ್ರಬಂಧಗಳಲ್ಲಿ ಕನ್ನಡ ಮಕ್ಕಳ ಭಾಷೆಯನ್ನು, ಕನ್ನಡ ಮಾತಾಡುವ ಲಕ್ವ ರೋಗಿಗಳ ಮಾತನ್ನು ಕುರಿತವು ಎಷ್ಟೋ ಇವೆ. ಆಯಿಷ್‌ನ ನಿರ್ದೇಶಕರಾಗಿದ್ದ ಡಾ. ನ. ರತ್ನ ಕನ್ನಡದ ನಾಟಕಕಾರರೂ ಆಗಿದ್ದರು, ಮೈಸೂರಿನ ‘ಸಮತೆಂತೋ’ ರಂಗತಂಡದೊಂದಿಗೆ ದುಡಿದವರು. ಮಾತಿನ ವಿಜ್ಞಾನವೂ ಮಾತಿನ ಕಲೆಯೂ ಒಬ್ಬರಲ್ಲೇ ಕೂಡಿದ್ದದ್ದು ನಮ್ಮ ಭಾಗ್ಯ. ಶುಲ್ಕ ಹೆಚ್ಚು ತೆತ್ತು ಹೊರದೇಶದಲ್ಲಿ ಓದಿದವರಿಗೆ ಈ ಸಾಮಗ್ರಿ, ಈ ಅನುಭವ ಸಿಗುವುದಿಲ್ಲ. ಕನ್ನಡದ ಮಗುವಿಗೆ ಮಾತು ಕಲಿಸುವವರು ಕನ್ನಡದ ಮಕ್ಕಳ ನಡುವೆಯೇ ತರಬೇತಿ ಪಡೆಯಬೇಕು.

ಮೈಸೂರಿನಲ್ಲಿ ಸೀಟು ಸಿಗದಿದ್ದರೆ? ಮುಂಬೈನ ಬಾಂದ್ರಾದಲ್ಲಿ 1983ರಲ್ಲಿ ಶುರುವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಇದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಕೆಳಗೆ ಬರುತ್ತದೆ. ಕೋಲ್ಕತ್ತ, ಸಿಕಂದರಾಬಾದ್, ನೋಯ್ಡಾಗಳಲ್ಲಿ ಇದರ ಪ್ರಾದೇಶಿಕ ಕೇಂದ್ರಗಳಿವೆ. ತಿರುವನಂತಪುರದಲ್ಲಿ ಕೇರಳ ಸರ್ಕಾರ 1997ರಲ್ಲಿ ಆರಂಭಿಸಿದ ‘ನಿಷ್’ ಇದೆ. ಚಂಡೀಗಡದ ಪಿಜಿಐ ಇದೆ. ಇಲ್ಲೆಲ್ಲ ಶುಲ್ಕ ಖಾಸಗಿಯವರಿಗಿಂತ ಕಡಿಮೆ. ಆದರೆ ಮುಂಬೈ ಬಾಡಿಗೆ ಎರಡು ವರ್ಷ ಕಟ್ಟುವಷ್ಟರಲ್ಲಿ ಶುಲ್ಕದಲ್ಲಿ ಉಳಿಸಿದ್ದು ಕರಗಿಹೋಗಬಹುದು, ಹಾಸ್ಟೆಲ್ ಸಿಗುತ್ತದೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳಬೇಕು. ಊರು ಬದಲಾದರೆ ರೋಗಿಗಳ ಭಾಷೆಯೂ ಬದಲಾಗುತ್ತದೆ. ಹಿಂದಿ ಬಾರದ ಕನ್ನಡದ ಹುಡುಗಿ ಚಂಡೀಗಡದಲ್ಲಿ ಪಂಜಾಬಿ ಅಜ್ಜನಿಗೆ ಥೆರಪಿ ಕೊಡುವುದು ಮೊದಲ ಆರು ತಿಂಗಳು ಕಷ್ಟವೇ.

ಕರ್ನಾಟಕದ ಖಾಸಗಿ ಮತ್ತು ಟ್ರಸ್ಟ್ ಸಂಸ್ಥೆಗಳ ಸಂಖ್ಯೆ ದೊಡ್ಡದು. ಬೆಂಗಳೂರಿನ ಡಾ. ಎಸ್.ಆರ್. ಚಂದ್ರಶೇಖರ್ ಸಂಸ್ಥೆ ಮತ್ತು ಸಂವಾದ್, ಮೈಸೂರು ಹಾಗೂ ಧಾರವಾಡದ ಜೆಎಸ್‌ಎಸ್, ಮಂಗಳೂರಿನ ಫಾದರ್ ಮುಲ್ಲರ್, ನಿಟ್ಟೆ ಮತ್ತು ಕೆಎಂಸಿ, ಮಣಿಪಾಲ. ದೇಶದಲ್ಲಿ ಈ ವಿಷಯಕ್ಕೆ ಇಷ್ಟು ಕಾಲೇಜುಗಳಿರುವ ರಾಜ್ಯಗಳು ಕಡಿಮೆ. ಎಲ್ಲೆಲ್ಲಿ ಸ್ನಾತಕೋತ್ತರ ಇದೆ, ಯಾವ ಶಾಖೆಯಲ್ಲಿ ಎಷ್ಟು ಸೀಟು ಎಂಬುದನ್ನು ಆಯಾ ವರ್ಷದ ಪಟ್ಟಿಯಲ್ಲೇ ನೋಡಬೇಕು. ಮೆಡಿಕಲ್ ಕಾಲೇಜಿನ ಆವರಣದಲ್ಲಿರುವ ವಿಭಾಗಗಳಲ್ಲಿ ಐಸಿಯು, ನ್ಯೂರೋ, ಕ್ಯಾನ್ಸರ್ ವಾರ್ಡುಗಳ ರೋಗಿಗಳು ಸಿಗುತ್ತಾರೆ, ಇದು ನಿಜವಾದ ಅನುಕೂಲ. ಡೀಮ್ಡ್ ವಿಶ್ವವಿದ್ಯಾಲಯವಾದರೆ ಶುಲ್ಕ ಏರುತ್ತದೆ. ಆ ಹೆಚ್ಚಿನ ಹಣಕ್ಕೆ ಪ್ರತಿಯಾಗಿ ಆಸ್ಪತ್ರೆಯ ಅನುಭವ ಸಿಗುತ್ತಿದ್ದರೆ ಒಪ್ಪಬಹುದು, ಕಟ್ಟಡದ ಹೊಳಪಿಗೆ ಒಪ್ಪಬಾರದು.

ಶುಲ್ಕದ ಪಟ್ಟಿಯಲ್ಲಿ ಕಾಣದ ಖರ್ಚುಗಳೂ ಇವೆ. ಬೇರೆ ವಿಶ್ವವಿದ್ಯಾಲಯದಿಂದ ಬಂದವರಿಗೆ ಮೈಗ್ರೇಶನ್, ಎಲಿಜಿಬಿಲಿಟಿ ಸರ್ಟಿಫಿಕೇಟುಗಳ ಶುಲ್ಕ, ಸೆಮಿಸ್ಟರಿಗೊಮ್ಮೆ ಪರೀಕ್ಷಾ ಶುಲ್ಕ, ಕಾಷನ್ ಡಿಪಾಸಿಟ್, ಪ್ರಬಂಧದ ಮಾಹಿತಿ ಸಂಗ್ರಹಕ್ಕೆ ಶಾಲೆಯಿಂದ ಶಾಲೆಗೆ ಓಡಾಟ, ಮುದ್ರಣ, ಬೈಂಡಿಂಗ್. ಥೆರಪಿಗೆ ಬೇಕಾದ ಆಟಿಕೆ, ಚಿತ್ರದ ಕಾರ್ಡುಗಳನ್ನು ವಿದ್ಯಾರ್ಥಿಗಳೇ ಕೈಯಿಂದ ಕೊಳ್ಳುವುದು ಎಲ್ಲೆಡೆ ಇದೆ.

ಹಣದ ನೆರವಿನ ವಿಷಯದಲ್ಲಿ ಕಾಗದಪತ್ರದ ಎಡವಟ್ಟಿನಿಂದಲೇ ಅವಕಾಶ ಕಳೆದುಕೊಳ್ಳುವವರು ಬಹಳ. ಕೇಂದ್ರ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5, ಹಿಂದುಳಿದ ವರ್ಗಕ್ಕೆ ಶೇ. 27, ಆರ್ಥಿಕ ದುರ್ಬಲರಿಗೆ ಶೇ. 10 ಮೀಸಲಾತಿ ಇದೆ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಸಾಮಾನ್ಯವಾಗಿ ಕೊಡುವ 2ಎ, 3ಎ, 3ಬಿ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರವನ್ನು, ಕೆನೆಪದರಕ್ಕೆ ಸೇರಿಲ್ಲ ಎಂಬ ಷರಾದೊಂದಿಗೆ, ಪ್ರತ್ಯೇಕವಾಗಿ ಮಾಡಿಸಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಇದನ್ನು ಅರ್ಜಿ ಕರೆಯುವ ಮೊದಲೇ ನೋಡಿಕೊಂಡು, ಪರೀಕ್ಷೆಗೆ ಓದುತ್ತಿರುವಾಗಲೇ ನಾಡಕಚೇರಿಯ ಕೆಲಸ ಮುಗಿಸಿಕೊಳ್ಳಬೇಕು.

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ಯೋಜನೆಯಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿ ₹2.5 ಲಕ್ಷ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಶುಲ್ಕ ಮರುಪಾವತಿ ಸಿಗುವುದು ಕಷ್ಟ, ಆದ್ದರಿಂದ ಯಾವ ಕೋಟಾದಲ್ಲಿ ಸೀಟು ಬರೆದುಕೊಂಡಿದ್ದಾರೆ ಎಂದು ರಸೀದಿ ಪಡೆಯುವಾಗಲೇ ಕೇಳಬೇಕು.

ಇನ್ನು ಸಾಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ₹4 ಲಕ್ಷದವರೆಗೆ ಅಡಮಾನವಾಗಲಿ ಮೂರನೆಯವರ ಜಾಮೀನಾಗಲಿ ಬೇಕಿಲ್ಲ, ₹7.5 ಲಕ್ಷ ದಾಟಿದರೆ ಆಸ್ತಿ ಅಡವಿಡಬೇಕು. ಓದಿನ ಅವಧಿ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ವರ್ಷಕ್ಕೆ ₹3 ಲಕ್ಷದಂತೆ ಎರಡು ವರ್ಷಕ್ಕೆ ₹6 ಲಕ್ಷ ಸಾಲ ಎನ್ನೋಣ, ಬಡ್ಡಿ ಶೇ. 10. ಕಂತು ಶುರುವಾಗುವ ಹೊತ್ತಿಗೆ ಬಡ್ಡಿಯೇ ಸುಮಾರು ₹1.5 ಲಕ್ಷ ಆಗಿರುತ್ತದೆ. ₹7.5 ಲಕ್ಷವನ್ನು ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ₹12,000 ಮೀರಿ ಕಟ್ಟಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ಥೆರಪಿಸ್ಟ್‌ಗೆ ಇದು ಸಣ್ಣ ಹೊರೆಯಲ್ಲ. ಓದುವಾಗಲೇ ತಿಂಗಳ ಬಡ್ಡಿಯನ್ನಾದರೂ ಮನೆಯವರು ಕಟ್ಟಿಕೊಂಡು ಹೋದರೆ ಕಂತು ₹10,000ದ ಸುತ್ತ ನಿಲ್ಲುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅಡಮಾನವಿಲ್ಲದ ಸಾಲ ಇದೆ. ಕುಟುಂಬದ ಆದಾಯ ₹8 ಲಕ್ಷದೊಳಗಿದ್ದು ಬೇರೆ ನೆರವು ಪಡೆಯದವರಿಗೆ ₹10 ಲಕ್ಷದವರೆಗಿನ ಸಾಲದ ಮೇಲೆ ಶೇ. 3 ಬಡ್ಡಿ ರಿಯಾಯಿತಿಯೂ ಇದೆ. ನಿಮ್ಮ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡೇ ಬ್ಯಾಂಕಿಗೆ ಹೋಗಿ.

ವಿದೇಶದ ಕನಸು ಈ ಓದಿಗೆ ಹೊಸದಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಮೈಸೂರಿನಲ್ಲಿ ಓದಿದವರು ಅನೇಕರಿದ್ದಾರೆ. ಅಲ್ಲಿನ ವೃತ್ತಿಸಂಘ ‘ಆಶಾ’ 1925ರಿಂದ ಇದೆ. ಅದರ ಪ್ರಮಾಣಪತ್ರ ಬೇಕಾದರೆ ಸ್ನಾತಕೋತ್ತರ ಪದವಿ, 400 ಗಂಟೆಯ ಕ್ಲಿನಿಕಲ್ ಅನುಭವ, ಪ್ರಾಕ್ಸಿಸ್ ಪರೀಕ್ಷೆ, ಆಮೇಲೆ ಸಂಬಳ ಬರುವ 36 ವಾರಗಳ ಫೆಲೋಶಿಪ್ ಮುಗಿಸಬೇಕು. ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೂ ವಿದೇಶಿ ವಿದ್ಯಾರ್ಥಿಗಳು ಹೊರರಾಜ್ಯದವರ ದರದಲ್ಲೇ ಶುಲ್ಕ ಕಟ್ಟಬೇಕು, ಅದು ಸ್ಥಳೀಯರ ಶುಲ್ಕದ ಎರಡು ಮೂರು ಪಟ್ಟು ಇರುವುದು ಸಾಮಾನ್ಯ. ಎಂಜಿನಿಯರಿಂಗ್ ಎಂಎಸ್‌ನವರಿಗೆ ಸಿಗುವಂತೆ ಅಸಿಸ್ಟೆಂಟ್‌ಶಿಪ್ ಈ ಓದಿಗೆ ಸುಲಭವಾಗಿ ಸಿಗುವುದಿಲ್ಲ. ವಾರವಿಡೀ ಕ್ಲಿನಿಕ್ ಇರುವುದರಿಂದ ಹೊರಗೆ ದುಡಿಯಲು ಸಮಯವೂ ಉಳಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇಲ್ಲಿಂದ ಹೋಗುವವರಿಗೆ ಮಿತವ್ಯಯದ ದಾರಿ ಒಂದೇ: ಎಂಎಸ್‌ಸಿಯನ್ನು ಇಲ್ಲಿಯೇ, ಸರ್ಕಾರಿ ಸಂಸ್ಥೆಯಲ್ಲಿ ಮುಗಿಸುವುದು. ಆಮೇಲೆ ಸಂಶೋಧನೆಯಲ್ಲಿ ಒಲವಿದ್ದರೆ ಪಿಎಚ್‌ಡಿಗೆ ಹೋಗಬಹುದು, ಅಲ್ಲಿ ಶುಲ್ಕ ಮನ್ನಾ ಮತ್ತು ಸ್ಟೈಪೆಂಡ್ ಎರಡೂ ಸಿಗುವ ಸಾಧ್ಯತೆ ಹೆಚ್ಚು. ವೃತ್ತಿಯೇ ಬೇಕೆಂದರೆ ವಿದೇಶದಲ್ಲಿ ಓದಿದವರ ಅರ್ಹತೆಯನ್ನು ಅಳೆದು ನೋಡುವ ವ್ಯವಸ್ಥೆ ಆಶಾದಲ್ಲಿದೆ. ಅದಕ್ಕೆ ಮೈಸೂರಿನ ಲಾಗ್‌ಬುಕ್ಕು, ಪಠ್ಯಕ್ರಮದ ಪ್ರತಿ, ಮೇಲ್ವಿಚಾರಕರ ಸಹಿ ಎಲ್ಲ ಬೇಕಾಗುತ್ತವೆ, ಒಂದನ್ನೂ ಕಳೆದುಕೊಳ್ಳಬಾರದು.

ಬ್ರಿಟನ್ನಿಗೆ ಹೋಗುವವರು ಒಂದು ವರ್ಷದ ಎಂಎಸ್‌ಸಿ ಎಂಬ ಆಕರ್ಷಣೆಗೆ ಬೀಳುವ ಮೊದಲು ಆ ಕೋರ್ಸು ಅಲ್ಲಿನ ವೃತ್ತಿ ನಿಯಂತ್ರಣ ಸಂಸ್ಥೆಯಾದ ಎಚ್‌ಸಿಪಿಸಿಯ ನೋಂದಣಿಗೆ ಅರ್ಹತೆ ಕೊಡುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಪರಿಶಿಷ್ಟ ಜಾತಿ, ಅಲೆಮಾರಿ, ಭೂರಹಿತ ಕೃಷಿಕಾರ್ಮಿಕ ಕುಟುಂಬದವರಿಗೆ ಕೇಂದ್ರದ ನ್ಯಾಷನಲ್ ಓವರ್ಸೀಸ್ ಸ್ಕಾಲರ್‌ಶಿಪ್ ಇದೆ, ರಾಜ್ಯದ ಪರಿಶಿಷ್ಟರಿಗೆ ‘ಪ್ರಬುದ್ಧ’ ಯೋಜನೆ ಇದೆ. 1892ರಿಂದ ನಡೆದು ಬಂದಿರುವ ಜೆ.ಎನ್. ಟಾಟಾ ದತ್ತಿ ನಿಧಿ ವಿದೇಶದ ಓದಿಗೆ ಸಾಲರೂಪದ ವಿದ್ಯಾರ್ಥಿವೇತನ ಕೊಡುತ್ತದೆ.

ಅಮೆರಿಕದಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳ ಲೆಕ್ಕ ಬೇರೆ. ತಮ್ಮ ರಾಜ್ಯದ ವಿಶ್ವವಿದ್ಯಾಲಯ ಅವರಿಗೆ ಮೊದಲ ಆಯ್ಕೆ. ಪಶ್ಚಿಮದ ರಾಜ್ಯಗಳು, ದಕ್ಷಿಣದ ರಾಜ್ಯಗಳು ತಮ್ಮ ತಮ್ಮಲ್ಲಿ ಒಪ್ಪಂದ ಮಾಡಿಕೊಂಡು ನೆರೆರಾಜ್ಯದ ವಿದ್ಯಾರ್ಥಿಗಳಿಗೆ ಆಯ್ದ ಕೋರ್ಸುಗಳಲ್ಲಿ ಶುಲ್ಕ ಇಳಿಸಿವೆ. ಅದನ್ನು ವಿಚಾರಿಸುವುದು ಒಳ್ಳೆಯದು. 2025ರ ಜುಲೈನಲ್ಲಿ ಅಲ್ಲಿ ಬಂದ ಕಾಯ್ದೆಯ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಫೆಡರಲ್ ಸರ್ಕಾರದ ಗ್ರ್ಯಾಡ್ ಪ್ಲಸ್ ಸಾಲ ಇಲ್ಲ. ಸಾಮಾನ್ಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಫೆಡರಲ್ ಸಾಲದ ಮಿತಿ ವರ್ಷಕ್ಕೆ 20,500 ಡಾಲರ್. ದುಬಾರಿ ಖಾಸಗಿ ವಿಶ್ವವಿದ್ಯಾಲಯಗಳಿಗೆ ಈ ಮೊತ್ತ ಸಾಲದು.

ಈ ಇಡೀ ಲೆಕ್ಕ ಮತ್ತೆ ನಮ್ಮ ಜಿಲ್ಲೆಗಳಿಗೇ ಬರುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜಿಲ್ಲಾ ಮಟ್ಟದ ಕೇಂದ್ರಗಳಲ್ಲಿ ವಾಕ್ ಮತ್ತು ಶ್ರವಣ ತಜ್ಞರ ಹುದ್ದೆ ಇರಬೇಕೆಂದು ನಿಯಮವಿದೆ. ಹುಟ್ಟುಕಿವುಡು ಮಕ್ಕಳಿಗೆ ಸರ್ಕಾರ ಲಕ್ಷಗಟ್ಟಲೆ ಖರ್ಚು ಮಾಡಿ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸುತ್ತದೆ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ವರ್ಷಗಟ್ಟಲೆ ಥೆರಪಿ ಸಿಗದಿದ್ದರೆ ಆ ಯಂತ್ರ ಕಿವಿಯ ಹಿಂದೆ ಸುಮ್ಮನೆ ಕೂತಿರುತ್ತದೆ. ತಜ್ಞರು ಊರ ಹತ್ತಿರ ನಿಲ್ಲಬೇಕಾದರೆ ಅವರನ್ನು ಊರ ಹತ್ತಿರದಲ್ಲೇ, ಸಾಲವಿಲ್ಲದೆ ಓದಿಸಬೇಕು. ಕಲಬುರಗಿ, ರಾಯಚೂರು, ಬೀದರ್, ಬಳ್ಳಾರಿಗಳಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಇಎನ್‌ಟಿ, ಮಕ್ಕಳ ವಿಭಾಗಗಳಿವೆ, ರೋಗಿಗಳಂತೂ ಇದ್ದೇ ಇದ್ದಾರೆ. ಅಲ್ಲಿ ಈ ವಿಷಯದ ಸರ್ಕಾರಿ ಸೀಟುಗಳನ್ನು, ಸ್ಟೈಪೆಂಡ್ ಸಹಿತ, ಸ್ನಾತಕೋತ್ತರದವರೆಗೆ ಬೆಳೆಸಬೇಕೆಂದು ರಾಜ್ಯ ಸರ್ಕಾರವನ್ನು ಕೇಳುವ ಹಕ್ಕು ನಮಗಿದೆ. ಓದಿದವರು ಎರಡು ಮೂರು ವರ್ಷ ಅದೇ ಪ್ರದೇಶದ ಜಿಲ್ಲೆಗಳಲ್ಲಿ ಸೇವೆ ಸಲ್ಲಿಸಬೇಕೆಂಬ ಷರತ್ತನ್ನೂ ಹಾಕಲಿ, ಜೊತೆಗೆ ಕಾಯಂ ಹುದ್ದೆಯನ್ನೂ ಕೊಡಲಿ.

ಅದಾಗುವವರೆಗೆ, ಈ ವರ್ಷ ಬಿಎಎಸ್‌ಎಲ್‌ಪಿ ಮುಗಿಸುತ್ತಿರುವವರಿಗೆ ಒಂದು ಮಾತು. ಮೊದಲ ಅರ್ಜಿ ಮೈಸೂರಿಗೆ ಹಾಕಿ, ಎರಡನೆಯದು ಮತ್ತೊಂದು ಸರ್ಕಾರಿ ಸಂಸ್ಥೆಗೆ. ಸೀಟು ಸಿಗದಿದ್ದರೆ ಹೆದರಿ ಸಾಲಕ್ಕೆ ಕೈಹಾಕಬೇಡಿ. ಆರ್‌ಸಿಐ ನೋಂದಣಿ ಮಾಡಿಸಿ, ರೋಗಿಗಳು ಹೆಚ್ಚು ಬರುವ ಆಸ್ಪತ್ರೆಯೊಂದರಲ್ಲಿ ಒಂದು ವರ್ಷ ಕೆಲಸ ಮಾಡಿ, ಮುಂದಿನ ಬೇಸಿಗೆಯಲ್ಲಿ ಮತ್ತೆ ಪರೀಕ್ಷೆ ಬರೆಯಿರಿ.